ಅಚ್ಚಿನಲ್ಲಿ ನಾನು ತಿದ್ದಿದ ಗದ್ದ

ಮಕ್ಕಳ ಹಲ್ಲಿಗೆ ಕ್ಲಿಪ್ಪು ಹಾಕಿಸಿದ್ದೇವೆ ಎನ್ನುವವರೆಲ್ಲ ಡಾಕ್ಟರ ಹೆಸರು ಹೇಳುತ್ತಾರೆ. ಆ ಕ್ಲಿಪ್ಪಿನ ತಂತಿಯನ್ನು ಬಗ್ಗಿಸಿದವನೊಬ್ಬ ಹಿಂದಿನ ಕೋಣೆಯಲ್ಲಿ ಮೈತುಂಬ ಪ್ಲಾಸ್ಟರ್ ಪುಡಿ ಮೆತ್ತಿಕೊಂಡು ಕೂತಿರುತ್ತಾನೆ ಎಂಬುದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಮೂವತ್ತೊಂದು ವರ್ಷ ಹಾಗೆ ಕೂತಿದ್ದವನು ನಾನು. ಹೆಸರು ಮಹದೇವಸ್ವಾಮಿ. ಬಂದುಹೋಗುವವರಿಗೆಲ್ಲ ಸ್ವಾಮಣ್ಣ. ಸಿದ್ಧಾರ್ಥನಗರದಲ್ಲಿ ಡಾ. ವತ್ಸಲಾ ಅವರ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು, ಹೋದ ವರ್ಷ ನಿವೃತ್ತನಾದೆ.

ಈಗ ಈ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗಿಯರು ಈಚೆಗೆ ಬೋಗಾದಿಯ ನಮ್ಮ ಮನೆಗೆ ಬಂದಿದ್ದರು. 'ಸರ್, ನಿಮ್ಮ ಅನುಭವ ಸ್ವಲ್ಪ ಬರೆದುಕೊಡಿ' ಎಂದರು. ಯಾವ ತಂತಿ ಎಷ್ಟು ದಪ್ಪ, ಯಾವ ಪುಡಿಗೆ ಎಷ್ಟು ನೀರು ಎಂಬುದು ಅವರ ಪುಸ್ತಕದಲ್ಲೇ ಇದೆ. ನನಗೆ ಹಾಕಿದ ಶಾಲು ಹಾರಗಳ ಕಥೆಯಿಂದ ಅವರಿಗೇನೂ ಸಿಗುವುದಿಲ್ಲ. ಬರೆಯಬೇಕಾದ ಮಾತು ನನ್ನ ಹತ್ತಿರ ಒಂದೇ ಇದೆ. ಒಂದು ಮಗುವಿನ ಒಂದು ವರ್ಷವನ್ನು ನಾನು ಹಾಳುಮಾಡಿದೆ. ಆಮೇಲೆ ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನೇ ಮೊದಲು ಹೇಳಿಬಿಟ್ಟರೆ ಆ ಹುಡುಗಿಯರು ಹೆದರಿ ಬೇರೆ ಕೆಲಸ ಹುಡುಕಿಕೊಂಡಾರು. ಆದ್ದರಿಂದ ನಗು ಬರಿಸುವಂಥದ್ದನ್ನು ಮೊದಲು ಹೇಳುತ್ತೇನೆ.

ನಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದವು ಹೆಚ್ಚಾಗಿ ಆರರಿಂದ ಹನ್ನೆರಡು ವರ್ಷದ ಮಕ್ಕಳು. ಬಾಯಲ್ಲಿ ಅರ್ಧ ಹಾಲುಹಲ್ಲು, ಅರ್ಧ ಹೊಸ ಹಲ್ಲು, ನಡುವೆ ಒಂದೆರಡು ಕಿಂಡಿ. 'ಹಾಲುಹಲ್ಲು ಹೇಗೂ ಬಿದ್ದುಹೋಗತ್ತಲ್ಲ, ಈಗ್ಲೇ ಯಾಕೆ ಟ್ರೀಟ್‌ಮೆಂಟು?' ಎಂದು ಎಲ್ಲ ತಂದೆತಾಯಿಯರೂ ಕೇಳುತ್ತಿದ್ದರು. ಡಾಕ್ಟ್ರಮ್ಮ ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಂಡವರಂತೆ ಉತ್ತರ ಕೊಡುತ್ತಿದ್ದರು. ಹಲ್ಲನ್ನು ದೊಡ್ಡವರಾದ ಮೇಲೂ ಸರಿಸಬಹುದು, ದವಡೆ ಮಾತ್ರ ಬೆಳೆಯುವ ವಯಸ್ಸಿನಲ್ಲೇ ನಮ್ಮ ಮಾತು ಕೇಳುವುದು, ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ, ಬೇಕಾದ ಮಗುವಿಗೆ ತಡ ಮಾಡಬಾರದು, ಇಷ್ಟೇ. ಹತ್ತರಲ್ಲಿ ಆರು ಮಕ್ಕಳನ್ನು 'ಏನೂ ಬೇಡ, ಆಡ್ಕೊಂಡಿರು ಹೋಗು' ಎಂದು ವಾಪಸು ಕಳಿಸುತ್ತಿದ್ದರು. ಆಗೆಲ್ಲ ನನಗೆ ಕೆಲಸ ತಪ್ಪಿತಲ್ಲ ಎಂದು ಒಳಗೊಳಗೇ ಬೇಜಾರಾಗುತ್ತಿತ್ತು. ತಂತಿ ಬಗ್ಗಿಸುವ ಚಪಲ ಅಂಥದ್ದು.

ಬೇಕು ಎಂದಾದ ಮಗುವಿಗೆ ಬಾಯೊಳಗೆ ಮೆತ್ತನೆಯ ಪೇಸ್ಟು ತುಂಬಿದ ಟ್ರೇ ಒತ್ತಿ ಹಲ್ಲಿನ ಅಳತೆ ತೆಗೆಯುತ್ತಿದ್ದರು. ಅದರೊಳಗೆ ಪ್ಲಾಸ್ಟರ್ ಸುರಿದು ನಾನು ಮೇಲಿನ ದವಡೆಯದೊಂದು, ಕೆಳಗಿನದೊಂದು ಅಚ್ಚು ಮಾಡುತ್ತಿದ್ದೆ. ಆ ಅಚ್ಚಿನ ಮೇಲೆ ಮಗುವಿನ ಪ್ಲೇಟು ತಯಾರಾಗುತ್ತಿತ್ತು, ಅಂದರೆ ಅಂಗುಳಿಗೆ ಕೂರುವ ಒಂದು ಪ್ಲಾಸ್ಟಿಕ್ ಬಿಲ್ಲೆ, ಅದಕ್ಕೆ ಹಲ್ಲನ್ನು ತಬ್ಬುವ ತಂತಿಗಳು. ಪ್ಲೇಟಿನ ಬಣ್ಣವನ್ನು ಮಕ್ಕಳೇ ಆರಿಸಬೇಕೆಂಬ ಪದ್ಧತಿ ತಂದವನು ನಾನು. ತಾನು ಆರಿಸಿದ ಹಸಿರು ಪ್ಲೇಟನ್ನು ಮಗು ಹಾಕಿಕೊಳ್ಳುತ್ತದೆ, ಡಾಕ್ಟರು ಕೊಟ್ಟ ಗುಲಾಬಿ ಪ್ಲೇಟನ್ನು ಹಾಸಿಗೆ ಕೆಳಗೆ ಬಚ್ಚಿಡುತ್ತದೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ಬರೆದುಕೊಳ್ಳಿ.

ಊಟದ ಹೊತ್ತಿಗೆ ಪ್ಲೇಟು ತೆಗೆದಿಡಬೇಕು. ಎಲ್ಲಿ ಇಡಬೇಕು? ಡಬ್ಬಿಯಲ್ಲಿ ಇಡಿ ಎಂದು ನಾವು ಹೇಳುತ್ತಿದ್ದೆವು. ಮದುವೆ ಮನೆಯಲ್ಲಿ ಡಬ್ಬಿ ಯಾರು ತರುತ್ತಾರೆ? ಒಬ್ಬ ಹುಡುಗ ಛತ್ರದಲ್ಲಿ ಊಟಕ್ಕೆ ಕೂತವನು ಪ್ಲೇಟನ್ನು ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಪಕ್ಕ ಇಟ್ಟಿದ್ದಾನೆ. ಪಾಯಸ ಕುಡಿದು ಎಲೆ ಮಡಚಿ ಎದ್ದುಹೋಗಿದ್ದಾನೆ. ಅವನ ತಾತ ನನಗೆ ಫೋನು ಮಾಡಿದರು: 'ಸ್ವಾಮಣ್ಣ, ಎಂಜಲೆಲೆ ರಾಶಿ ಮುಂದೆ ನಿಂತಿದೀನಿ. ಅದು ಯಾವ ಬಣ್ಣ ಅಂತ ಹೇಳ್ಬುಡಿ.' 'ಹಸಿರು' ಎಂದೆ. ಹಸಿರು ಎಲೆಗಳ ರಾಶಿಯಲ್ಲಿ ಹಸಿರು ಪ್ಲೇಟು. ಆದರೂ ಆ ಮಹಾನುಭಾವರು ಪಂಚೆ ಎತ್ತಿ ಕಟ್ಟಿ ಹುಡುಕಿ, ಮಾರನೆಯ ದಿನ ತಂದು ನನ್ನ ಮೇಜಿನ ಮೇಲಿಟ್ಟರು. ತಂತಿಗೆ ಒಂದು ದ್ರಾಕ್ಷಿ ಸಿಕ್ಕಿಕೊಂಡಿತ್ತು. ಅವತ್ತಿನಿಂದ ಮದುವೆ ಸೀಸನ್ನಿನಲ್ಲಿ ಹಸಿರು ಬಣ್ಣ ಕೊಡುವುದನ್ನು ನಿಲ್ಲಿಸಿದೆ.

ಇನ್ನೊಂದು, ಕೂಡುಕುಟುಂಬದ ಕಥೆ. ಮೇಲಿನ ದವಡೆ ಇಕ್ಕಟ್ಟಾಗಿರುವ ಮಕ್ಕಳಿಗೆ ನಡುವೆ ಸಣ್ಣ ಸ್ಕ್ರೂ ಇರುವ ಪ್ಲೇಟು ಕೊಡುತ್ತೇವೆ. ಅದನ್ನು ಮನೆಯಲ್ಲಿ ವಾರಕ್ಕೊಮ್ಮೆ ಕೀಲಿ ಹಾಕಿ ತಿರುಗಿಸಿದರೆ ಪ್ಲೇಟು ಕೂದಲೆಳೆಯಷ್ಟು ಅಗಲವಾಗುತ್ತದೆ. ಒಂದು ಹುಡುಗಿಯ ಪ್ಲೇಟು ತಿಂಗಳೊಳಗೆ ಬಾಯಲ್ಲಿ ಕೂರದಷ್ಟು ಅಗಲವಾಗಿ ಬಂತು. ವಿಚಾರಿಸಿದರೆ ಭಾನುವಾರ ಅಮ್ಮ ತಿರುಗಿಸುತ್ತಾಳೆ. ಸೋಮವಾರ ಅಜ್ಜಿ ತಿರುಗಿಸುತ್ತಾರೆ, ಏಕೆಂದರೆ ಸೊಸೆ ಯಾವ ಕೆಲಸವನ್ನೂ ನೆಟ್ಟಗೆ ಮಾಡುವುದಿಲ್ಲವಂತೆ. ಗುರುವಾರ ಚಿಕ್ಕಪ್ಪ ತಿರುಗಿಸುತ್ತಾನೆ, ಅವನಿಗೆ ಸ್ಕ್ರೂ ಕಂಡರೆ ಪ್ರೀತಿ. ಡಾಕ್ಟ್ರಮ್ಮ ಅವರೆಲ್ಲರನ್ನೂ ಒಟ್ಟಿಗೆ ಕೂರಿಸಿ ಕೀಲಿಯನ್ನು ಮಗುವಿನ ಕೈಗೇ ಕೊಟ್ಟರು. 'ಇನ್ಮೇಲೆ ನೀನೇ ಯಜಮಾನಿ' ಎಂದರು. ಆಮೇಲೆ ಒಂದು ದಿನವೂ ಹೆಚ್ಚುಕಡಿಮೆ ಆಗಲಿಲ್ಲ.

ಡಾಕ್ಟ್ರಮ್ಮನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಜೋರು ಹೆಂಗಸು. ತಂತಿಯ ತುದಿ ಒರಟಾಗಿದ್ದರೆ ತಮ್ಮ ಕೆನ್ನೆಯ ಒಳಗೇ ಒತ್ತಿ ನೋಡಿ, 'ಸ್ವಾಮಿ, ಇದನ್ನ ನಿಮ್ಮ ಮೊಮ್ಮಗಳಿಗೆ ಹಾಕ್ತಿದ್ರಾ?' ಎನ್ನುತ್ತಿದ್ದರು. ಆಗ ನನಗಿನ್ನೂ ಮದುವೆಯೇ ಆಗಿರಲಿಲ್ಲ. ಬೈದದ್ದನ್ನು ಹತ್ತು ನಿಮಿಷದಲ್ಲಿ ಮರೆಯುತ್ತಿದ್ದರು. ಹೊಗಳುವುದು ಮಾತ್ರ ಬಹಳ ಕಡಿಮೆ. ಅವರು ನನ್ನನ್ನು ಮನಸಾರೆ ಹೊಗಳಿದ್ದು ಒಂದೇ ಸಲ. ನನ್ನ ತಪ್ಪಿನ ಬೀಜ ಬಿದ್ದದ್ದು ಆ ಹೊಗಳಿಕೆಯಲ್ಲೇ.

ಎರಡು ಅಚ್ಚುಗಳು ಸಿದ್ಧವಾದ ಮೇಲೆ ಅವು ಒಂದರ ಮೇಲೊಂದು ಹೇಗೆ ಕೂರುತ್ತವೆ ಎಂದು ತಿಳಿಯಬೇಕಲ್ಲ. ಅದಕ್ಕೆ ಮಗುವಿನ ಕೈಲಿ ಮೆತ್ತಗಿನ ಮೇಣದ ಪಟ್ಟಿಯೊಂದನ್ನು ಕಚ್ಚಿಸುತ್ತಿದ್ದರು. ಆ ಪಟ್ಟಿಯ ಗುರುತಿಗೆ ಸರಿಯಾಗಿ ಅಚ್ಚುಗಳನ್ನು ಜೋಡಿಸಿ, ಹಿಂಭಾಗವನ್ನು ಯಂತ್ರದಲ್ಲಿ ಸಮವಾಗಿ ಉಜ್ಜುವುದು ನನ್ನ ಕೆಲಸ. ಹಾಗೆ ಉಜ್ಜಿದ ಮೇಲೆ ಅಚ್ಚನ್ನು ಯಾರೇ ಎತ್ತಿಕೊಂಡರೂ ಮಗುವಿನ ಬಾಯಿ ಮುಚ್ಚುವುದು ಹೀಗೆ ಎಂದು ನಂಬುತ್ತಾರೆ. ಒಂದು ಸಲ ಒಬ್ಬ ಹುಡುಗ ಅಳುತ್ತಾ ದವಡೆಯನ್ನು ಮುಂದಕ್ಕೆ ಚಾಚಿ ಮೇಣ ಕಚ್ಚಿದ್ದ. ಅಚ್ಚು ಜೋಡಿಸುವಾಗಲೇ ನನಗೆ ಅನುಮಾನ ಬಂತು. ಹೋಗಿ ಹೇಳಿದೆ. ಡಾಕ್ಟ್ರಮ್ಮ ಹುಡುಗನನ್ನು ಮತ್ತೆ ಕರೆಸಿ ನೋಡಿದರೆ ನನ್ನ ಅನುಮಾನ ನಿಜವಾಗಿತ್ತು. 'ಸ್ವಾಮಿ, ನಿಮ್ಮ ಕಣ್ಣು ಮೇಣಕ್ಕಿಂತ ವಾಸಿ' ಎಂದರು. ಆ ಮಾತನ್ನು ನಾನು ಮನೆಯಲ್ಲಿ ಹೇಳಿಕೊಂಡೆ, ಬಸ್ಸಿನಲ್ಲಿ ಹೇಳಿಕೊಂಡೆ, ಅತ್ತೆ ಮನೆಗೆ ಹೋದಾಗಲೂ ಹೇಳಿಕೊಂಡೆ.

ಇದಾಗಿ ಕೆಲವು ವರ್ಷದ ಮೇಲೆ ಕಡಕೊಳದ ಒಂದು ಶಾಲೆಯಲ್ಲಿ ಹಲ್ಲಿನ ತಪಾಸಣೆ ನಡೆಯಿತು. ಅಲ್ಲಿ ಆರಿಸಿದ ಹದಿನಾಲ್ಕು ಮಕ್ಕಳನ್ನು ಒಂದು ಭಾನುವಾರ ಕ್ಲಿನಿಕ್ಕಿಗೆ ಕರೆಸಿದ್ದೆವು. ಡಾಕ್ಟ್ರಮ್ಮ ಊರಲ್ಲಿರಲಿಲ್ಲ. ಅವರ ಕೈಕೆಳಗಿದ್ದ ಚಿಕ್ಕ ಡಾಕ್ಟರೊಬ್ಬರು ಎಲ್ಲರ ಅಳತೆ ತೆಗೆದು, ಹೆಚ್ಚೇನೂ ಬರೆದಿಡದೆ, ಮರುದಿನವೇ ಮುಂದಿನ ಓದಿಗೆಂದು ಹೊರಟುಹೋದರು. ಆ ಹದಿನಾಲ್ಕರಲ್ಲಿ ಒಂದು ಅಚ್ಚು ರಕ್ಷಿತಾಳದು. ಎಂಟು ವರ್ಷದ ಹುಡುಗಿ, ಅಪ್ಪ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾನು ಅವಳ ಮುಖ ನೋಡಿರಲಿಲ್ಲ. ಅಚ್ಚು ಮಾತ್ರ ನೋಡಿದ್ದೆ.

ಅವಳ ಮೇಣದ ಪಟ್ಟಿಯಂತೆ ಜೋಡಿಸಿದರೆ ಕೆಳಗಿನ ಮುಂಭಾಗದ ಹಲ್ಲು ಮೇಲಿನದಕ್ಕಿಂತ ಮುಂದೆ ಬರುತ್ತಿತ್ತು. ಏಪ್ರಿಲ್ ತಿಂಗಳು. ಸೆಖೆಗೆ ಮೇಣ ಸೊಟ್ಟಗಾಗಿತ್ತು. ಇದೂ ಅತ್ತುಕೊಂಡು ಮುಂದಕ್ಕೆ ಕಚ್ಚಿದ ಮಗುವೇ ಎಂದುಕೊಂಡೆ. ಕೇಳೋಣ ಎಂದರೆ ಅಳತೆ ತೆಗೆದ ಡಾಕ್ಟರಿಲ್ಲ. ಕೇಳುವುದೇನು, ನನ್ನ ಕಣ್ಣು ಮೇಣಕ್ಕಿಂತ ವಾಸಿಯಲ್ಲವೆ? ಪಟ್ಟಿಯನ್ನು ಬುಟ್ಟಿಗೆ ಹಾಕಿದೆ. ಕೆಳಗಿನ ಅಚ್ಚನ್ನು ಒಂದಿಷ್ಟು ಹಿಂದಕ್ಕೆ ಸರಿಸಿದೆ. ಮೇಲಿನ ಹಲ್ಲು ಲಕ್ಷಣವಾಗಿ ಮುಂದೆ ಬಂತು. ಹಿಂಭಾಗ ಉಜ್ಜಿ, ಸೋಪಿನ ನೀರಲ್ಲಿ ಅದ್ದಿ ಹೊಳಪು ಕೊಟ್ಟು, ಹೆಸರು ಬರೆದು ಸಾಲಿನಲ್ಲಿ ಇಟ್ಟೆ.

ವಾಪಸು ಬಂದ ಡಾಕ್ಟ್ರಮ್ಮ ಹದಿನಾಲ್ಕು ಅಚ್ಚುಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಒಂದೊಂದಕ್ಕೂ ಚೀಟಿ ಬರೆದರು. ರಕ್ಷಿತಾಳ ಅಚ್ಚನ್ನು ಎತ್ತಿ ನೋಡಿ, 'ಚೆನ್ನಾಗಿದೆಯಲ್ಲ, ಈ ಮಗುನ ಯಾಕೆ ಕಳ್ಸಿದಾರೆ?' ಎಂದು 'ಒಂದು ವರ್ಷದ ನಂತರ ತೋರಿಸಿ' ಎಂದು ಬರೆದರು. ಚೀಟಿ ಕಡಕೊಳಕ್ಕೆ ಹೋಯಿತು.

ಹೇಳಿದ ಮಾತಿಗೆ ಸರಿಯಾಗಿ, ವರ್ಷ ತುಂಬಿದ ಮೇಲೆ ರಕ್ಷಿತಾಳ ಅಮ್ಮ ಮಂಗಳಮ್ಮ ಮಗಳನ್ನು ಕರೆದುಕೊಂಡು ಬಂದರು. ಜೊತೆಗೆ ಅಜ್ಜಿಯೂ ಬಂದಿದ್ದರು. ಅವತ್ತೇ ನಾನು ಹುಡುಗಿಯನ್ನು ಮೊದಲ ಸಲ ನೋಡಿದ್ದು. ಕೆಳದವಡೆ ಮುಂದೆ, ಮೇಲ್ದವಡೆ ಹಿಂದೆ, ಗದ್ದ ಎಲ್ಲಕ್ಕಿಂತ ಮೊದಲು ಕಾಣುವ ಮುಖ. ಶಾಲೆಯಲ್ಲಿ ಆಡಿಕೊಳ್ಳುತ್ತಾರೆಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದಳು.

ಡಾಕ್ಟ್ರಮ್ಮ ಅವಳ ಬಾಯಿ ನೋಡಿದರು. ಹಳೆಯ ಅಚ್ಚು ತರಿಸಿ ನೋಡಿದರು. ಮತ್ತೆ ಬಾಯಿ ನೋಡಿದರು. ಆಮೇಲೆ ಹಿಂದಿನ ಕೋಣೆಗೆ ಬಂದು ನನ್ನೆದುರು ಕೂತರು.

'ಸ್ವಾಮಿ, ಈ ಮಗು ದವಡೆ ಒಂದೇ ವರ್ಷದಲ್ಲಿ ಇಷ್ಟು ಮುಂದೆ ಬಂದ್ಬಿಟ್ಟಿದೆ. ಇಷ್ಟು ಜೋರಾಗಿ ಬೆಳೀತಿದ್ರೆ ಈಗ ಏನು ಮಾಡಿದ್ರೂ ನಿಲ್ಲಲ್ಲ. ಸುಮ್ನೆ ಮಗುಗೆ ಹಿಂಸೆ. ಹದಿನೆಂಟು ಆಗ್ಲಿ, ಆಪರೇಷನ್ನೇ ಮಾಡಿಸ್ಬೇಕು ಅಂತ ಹೇಳಿ ಕಳಿಸ್ತೀನಿ.'

ನಾನು ಸುಮ್ಮನಿದ್ದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮಗು ಇನ್ನೂ ಒಂಬತ್ತು ವರ್ಷ ಬಾಯಿಗೆ ಕೈ ಇಟ್ಟುಕೊಂಡು ಬದುಕುತ್ತಿತ್ತು. ನನಗೆ ಬಹಳ ಭಯವಾಯಿತು. ಕೆಲಸ ಹೋಗುತ್ತದೆ ಎಂಬುದಕ್ಕಿಂತ, ಆ ಒಂದು ಹೊಗಳಿಕೆ ಹೋಗುತ್ತದಲ್ಲ ಎಂಬ ಭಯ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅದೇ.

'ಮೇಡಂ, ದವಡೆ ಬೆಳೆದಿಲ್ಲ. ಹೋದ ವರ್ಷವೂ ಹೀಗೇ ಇತ್ತು. ಮೇಣ ತಪ್ಪು ಅಂದ್ಕೊಂಡು ನಾನೇ ಅಚ್ಚನ್ನ ಸರಿಸಿ ಉಜ್ಜಿಬಿಟ್ಟೆ' ಎಂದೆ.

ಅವರು ಬೈಯಲಿಲ್ಲ. ಆ ಅಚ್ಚನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ 'ಮಗುನ ನೋಡ್ದೆ ಪ್ಲಾಸ್ಟರ್ ನೋಡಿ ಚೀಟಿ ಬರೆದವಳು ನಾನು' ಎಂದರು. 'ಒಂದು ವರ್ಷ ಹೋಯ್ತು. ಆದ್ರೂ ಇನ್ನೂ ಕಾಲ ಮಿಂಚಿಲ್ಲ. ಏಳಿ, ಇವತ್ತೇ ಹೊಸ ಅಳತೆ ತೆಗಿಯೋಣ.'

ಮಂಗಳಮ್ಮನಿಗೆ ವಿಷಯವನ್ನು ಅವರೇ ಹೇಳಿದರು. ಬಾಗಿಲ ಪಕ್ಕದಲ್ಲಿ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ. 'ಹೋದ ವರ್ಷವೇ ಶುರು ಮಾಡ್ಬೇಕಿತ್ತಮ್ಮ. ನಮ್ಮ ಕಡೆಯಿಂದ ತಪ್ಪಾಯ್ತು. ನಾನು ಸರಿಯಾಗಿ ನೋಡ್ಲಿಲ್ಲ.' ನನ್ನ ಹೆಸರು ಎಲ್ಲೂ ಬರಲಿಲ್ಲ. ಅವತ್ತಿನಿಂದ ಮಂಗಳಮ್ಮ ಡಾಕ್ಟ್ರಮ್ಮನ ಮುಖ ನೋಡಿ ಮಾತಾಡುವುದನ್ನು ಬಿಟ್ಟರು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಅಷ್ಟೆ. ಬೇರೆ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ಒಮ್ಮೆ ನಾನೇ ಕೇಳಿದ್ದೆ. 'ತಪ್ಪು ಮಾಡಿದೋರೇ ಸರಿ ಮಾಡ್ಲಿ' ಎಂದಿದ್ದರು.

ಆ ದಿನ ಒಪ್ಪಿಸಲು ಕಷ್ಟವಾದದ್ದು ಅಜ್ಜಿಯನ್ನು. 'ಏನೂ ಬ್ಯಾಡ ಕಣ್ರವ್ವ. ಇದು ನಮ್ಮನೆ ಗದ್ದ. ನಮ್ಮಪ್ಪನ್ದೂ ಇಂಗೇ ಇತ್ತು, ನಂದೂ ಇಂಗೇ, ನನ್ ಮಗನ್ದೂ ಇಂಗೇ. ನಾವೇನ್ ಬಾಳ್ನಿಲ್ವಾ?' ಎಂದು ಗದ್ದ ಎತ್ತಿ ಕೂತರು. ಡಾಕ್ಟ್ರಮ್ಮ ವಾದ ಮಾಡಲಿಲ್ಲ. ತಮ್ಮ ಊಟದ ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ಅಜ್ಜಿಯ ಕೈಗೆ ಕೊಟ್ಟು, 'ಮುರೀದೆ, ಮುಂದಿನ ಹಲ್ಲಲ್ಲೇ ಕಚ್ಚಿ ನೋಡಿ' ಎಂದರು. ಅಜ್ಜಿ ಕಚ್ಚಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, 'ಎಲ್ರೂ ಮುಂದಿನ ಹಲ್ಲಲ್ಲೇ ಕಚ್ತಾರಾ? ನಾ ಉಟ್ದಾಗ್ಲಿಂದ ಕೈಲೇ ಮುರ್ಕೊಂಡ್ ತಿಂತಿವ್ನಿ' ಎಂದು ಕೇಳಿದರು. ನಮಗೆಲ್ಲ ನಗು ಬಂತು. ಆದರೆ ಅಜ್ಜಿ ನಗಲಿಲ್ಲ. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು 'ಆಕ್ಬುಡಿ, ಅದೇನ್ ಆಕ್ತೀರೋ' ಎಂದರು.

ಹಾಕಬೇಕಾಗಿದ್ದದ್ದು ಮಾಸ್ಕು. ಈಗಿನವರು ಮಾಸ್ಕೆಂದರೆ ಬಟ್ಟೆಯದು ಅಂದುಕೊಳ್ಳುತ್ತಾರೆ. ಇದು ಹಣೆಗೊಂದು ಗದ್ದಕ್ಕೊಂದು ಮೆತ್ತೆ ಇರುವ, ನಡುವೆ ಕಬ್ಬಿಣದ ಸರಳಿರುವ ಚೌಕಟ್ಟು. ಮೇಲಿನ ಪ್ಲೇಟಿನ ಕೊಕ್ಕೆಯಿಂದ ಈ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿದರೆ ಅದು ಮೇಲ್ದವಡೆಯನ್ನು ದಿನದಿನಕ್ಕೂ ಚೂರುಚೂರೇ ಮುಂದಕ್ಕೆ ಎಳೆಯುತ್ತದೆ. ದಿನಕ್ಕೆ ಹದಿನಾಲ್ಕು ಗಂಟೆ ಹಾಕಿರಬೇಕು. ಅಂದರೆ ಶಾಲೆಯಿಂದ ಬಂದ ಕೂಡಲೇ ಹಾಕಿಕೊಂಡರೆ ಬೆಳಗ್ಗೆ ಎದ್ದು ಹಲ್ಲುಜ್ಜುವವರೆಗೆ. ನೆರೆಮನೆಯ ಮಕ್ಕಳು ಬೀದಿಯಲ್ಲಿ ಆಡುವ ಹೊತ್ತಿನಲ್ಲಿ ಅದನ್ನು ಮುಖಕ್ಕೆ ಕಟ್ಟಿಕೊಳ್ಳಲು ಯಾವ ಮಗು ಒಪ್ಪುತ್ತದೆ? ರಕ್ಷಿತಾ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಳು, ತೆಗೆದು ನನ್ನ ಮೇಜಿನ ಮೇಲಿಟ್ಟಳು. 'ಅಂಕಲ್, ನೀವಾಗಿದ್ರೆ ಹಾಕ್ಕೋತಿದ್ರಾ?'

'ಹಾಕ್ಕೋತೀನಿ' ಎಂದೆ. ಮಾತು ಬಾಯಿಂದ ಜಾರಿಹೋಗಿತ್ತು. ಒಂದು ವಾರದ ಒಪ್ಪಂದವಾಯಿತು. ನನ್ನ ಮುಖದ ಅಳತೆಗೆ ಒಂದು ಮಾಸ್ಕು ಮಾಡಿಕೊಂಡೆ. ಬೋಗಾದಿಯಿಂದ ಸಿದ್ಧಾರ್ಥನಗರದವರೆಗೆ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದೆ. ಮೊದಲ ದಿನವೇ ಕಂಡಕ್ಟರು 'ಏ, ಯಾರಾದ್ರೂ ಎದ್ದು ಸೀಟ್ ಬುಡ್ರೀ, ಪಾಪ ಆಕ್ಸಿಡೆಂಟ್ ಆಗದೆ' ಎಂದು ಕೂಗಿದರು. ಮೂರನೆಯ ದಿನ ಒಬ್ಬ ಅಜ್ಜ ನನ್ನ ಕೈ ಹಿಡಿದು 'ಎಲ್ಲಾ ವಾಸಿಯಾಗ್ತದೆ ಕಣಪ್ಪ' ಎಂದು ಸಮಾಧಾನ ಮಾಡಿದರು. ನನ್ನ ಹೆಂಡತಿ ಆ ವಾರ ಪೂರ್ತಿ ನನ್ನ ಜೊತೆ ಹೊರಗೆ ಬರಲಿಲ್ಲ. ವಾರ ಮುಗಿದು ರಕ್ಷಿತಾ ಬಂದಾಗ ನನ್ನ ಹಣೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅವಳು ಬೆರಳಿಟ್ಟು ಆ ಗೆರೆ ಮುಟ್ಟಿ ನೋಡಿದಳು. ಮೆತ್ತೆ ಎಲ್ಲಿ ಒತ್ತುತ್ತದೆಂದು ನನಗೂ ಆಗ ಗೊತ್ತಾಗಿತ್ತು. ಒಳಗೆ ಇನ್ನೊಂದು ಪದರ ಮೆತ್ತನೆಯ ಬಟ್ಟೆ ಹಚ್ಚಿ ಅವಳ ಮಾಸ್ಕನ್ನು ಹೊಸದಾಗಿ ಮಾಡಿಕೊಟ್ಟೆ. ಅವಳು ಹಾಕಿಕೊಂಡಳು.

ಮಂಗಳಮ್ಮ ಇದನ್ನೆಲ್ಲ ನೋಡುತ್ತಿದ್ದರು. ನನ್ನನ್ನು ಅಣ್ಣ ಎನ್ನಲು ಶುರು ಮಾಡಿದರು. ಗೌರಿಹಬ್ಬಕ್ಕೆ ನನ್ನ ಹೆಂಡತಿಗೆ ಬಾಗಿನ ತಂದುಕೊಟ್ಟರು. 'ಡಾಕ್ಟ್ರು ಕೈಬಿಟ್ರೂ ನೀವ್ ಕೈಬಿಡ್ಲಿಲ್ಲ ಸ್ವಾಮಣ್ಣ' ಎಂದರು. ತಪ್ಪು ನನ್ನದೆಂದು ಹೇಳಿಬಿಡಬೇಕು ಎಂದು ಆಗ ಅನಿಸಿತು. ಡಾಕ್ಟ್ರಮ್ಮನನ್ನು ಕೇಳಿದೆ. 'ಹೇಳೋದು ಬಿಡೋದು ನಿಮಗೆ ಬಿಟ್ಟದ್ದು ಸ್ವಾಮಿ. ಆದ್ರೆ ಈಗ ಆ ಮಗು ನಿಮ್ಮನ್ನ ನಂಬಿ ಮಾಸ್ಕ್ ಹಾಕ್ಕೋತಿದೆ. ಅದು ಮುಗೀಲಿ' ಎಂದರು. ಆ ಮಾತು ನನಗೆ ಬಹಳ ಅನುಕೂಲವಾಗಿತ್ತು. ಮಾಸ್ಕು ಮುಗಿದ ಮೇಲೂ ಅದನ್ನೇ ನೆಪ ಮಾಡಿಕೊಂಡೆ.

ಹನ್ನೊಂದನೆಯ ತಿಂಗಳಲ್ಲಿ ರಕ್ಷಿತಾಳ ಮೇಲಿನ ಹಲ್ಲು ಕೆಳಗಿನದನ್ನು ದಾಟಿ ಮುಂದೆ ಬಂತು. ಅವಳು ಚೀಲದಿಂದ ಒಂದು ಸೀಬೆಕಾಯಿ ತೆಗೆದು ಮುಂದಿನ ಹಲ್ಲಿನಲ್ಲಿ ಕಚ್ಚಿ, ಕಚ್ಚಿದ ಗುರುತನ್ನು ಎಲ್ಲರಿಗೂ ತೋರಿಸಿಕೊಂಡು ಬಂದಳು. ಕಾಯುತ್ತ ಕೂತಿದ್ದ ಬೇರೆ ತಾಯಂದಿರಿಗೂ ತೋರಿಸಿದಳು. ಡಾಕ್ಟ್ರಮ್ಮ ಒಳಗೆ ಹೋಗಿ ಕನ್ನಡಕ ಒರೆಸಿಕೊಂಡು ಬಂದರು. ನನಗೂ ಅಳು ಬಂತು. ಈ ಕೆಲಸದಲ್ಲಿ ಇಂಥ ದಿನಗಳು ಬರುತ್ತವೆ, ಅದಕ್ಕಾಗಿಯೇ ಇದಕ್ಕೆ ಬನ್ನಿ ಎನ್ನುತ್ತೇನೆ.

ಅಲ್ಲಿಂದಾಚೆ ಕ್ಲಿನಿಕ್ಕಿನ ಪದ್ಧತಿ ಬದಲಾಯಿತು. ಮಗು ಕುರ್ಚಿಯಲ್ಲಿ ಕೂತಿಲ್ಲದೆ ಬರೀ ಅಚ್ಚು ನೋಡಿ ಏನನ್ನೂ ಬರೆಯಬಾರದು. ಅಚ್ಚಿನ ಜೊತೆ ಮುಖದ ಫೋಟೋ ಇರಲೇಬೇಕು. ಮೇಣದ ಪಟ್ಟಿಯ ಮೇಲೆ ಅನುಮಾನ ಬಂದರೆ ನಾನು ಎದ್ದು ಹೋಗಿ ಕೇಳಬೇಕು, ಡಾಕ್ಟರಿಲ್ಲದಿದ್ದರೆ ಕಾಯಬೇಕು. ಈಗ ಪ್ಲಾಸ್ಟರೂ ಇಲ್ಲ, ಮೇಣವೂ ಇಲ್ಲ. ಪೆನ್ನಿನಂಥದ್ದೊಂದನ್ನು ಬಾಯೊಳಗೆ ಆಡಿಸಿದರೆ ಪರದೆಯ ಮೇಲೆ ಹಲ್ಲು ಮೂಡುತ್ತವೆ. ಮಕ್ಕಳಿಗೆ ವಾಂತಿ ಬರುವುದಿಲ್ಲ, ಒಳ್ಳೆಯದೇ. ಆದರೆ ಆ ಪರದೆಯಲ್ಲೂ ಎರಡು ದವಡೆಗಳನ್ನು ಬೆರಳಿನಿಂದ ಹಿಂದೆ ಮುಂದೆ ಸರಿಸಬಹುದು. ನಾನು ನೋಡುತ್ತಿದ್ದಾಗಲೇ ಕೆಲಸ ಕಲಿಯುತ್ತಿದ್ದ ಹುಡುಗಿಯೊಬ್ಬಳು 'ಇದು ಸರಿಯಾಗಿ ಕೂತಿಲ್ಲ ಸರ್' ಎಂದು ಸರಿಸಹೊರಟಳು. ನಾನು ಕೂಗಿದ ಕೂಗಿಗೆ ಪಾಪ, ಬೆಚ್ಚಿಬಿದ್ದಳು. ಚೆಂದ ಕಾಣದ್ದೆಲ್ಲ ತಪ್ಪಲ್ಲಮ್ಮ ಎಂದು ಅವಳಿಗೆ ಆಮೇಲೆ ಸಮಾಧಾನವಾಗಿ ಹೇಳಿದೆ.

ರಕ್ಷಿತಾ ವರ್ಷಕ್ಕೆರಡು ಸಲ ತೋರಿಸಿಕೊಂಡು ಹೋಗುತ್ತಿದ್ದಳು. ಹದಿನಾಲ್ಕು ದಾಟಿದ ಮೇಲೆ ಕೆಳದವಡೆ ಮತ್ತೆ ಬೆಳೆಯತೊಡಗಿತು. ಇಂಥ ಮಕ್ಕಳಲ್ಲಿ ಹಾಗಾಗುವುದುಂಟು. ಹದಿನೇಳರ ಹೊತ್ತಿಗೆ ಮೇಲಿನ ಹಲ್ಲು ಕೆಳಗಿನ ಹಲ್ಲು ತುದಿಗೆ ತುದಿ ತಾಗಿ ನಿಂತವು. ನಾನು ಹಾಳುಮಾಡಿದ ಆ ಒಂದು ವರ್ಷ ಕೈಯಲ್ಲಿದ್ದಿದ್ದರೆ ಮೇಲಿನ ಹಲ್ಲು ಇನ್ನಷ್ಟು ಮುಂದೆಯೇ ನಿಲ್ಲುತ್ತಿತ್ತೆ ಎಂದು ನಾನು ಡಾಕ್ಟ್ರಮ್ಮನನ್ನು ಕೇಳಿದೆ. 'ನಿಲ್ಲುತ್ತಿತ್ತೇನೋ, ಇಲ್ವೇನೋ. ನಿಮ್ಮ ಸಮಾಧಾನಕ್ಕೆ ಸುಳ್ಳು ಹೇಳಲ್ಲ' ಎಂದರು.

ಮುಂದಿನ ವರ್ಷ ಬೇಕಾದರೆ ಆಪರೇಷನ್ ಮಾಡಿಸಬಹುದು ಎಂದು ಅವತ್ತು ಅವರು ತಾಯಿ ಮಗಳಿಗೆ ವಿವರಿಸಿ ಹೇಳಿದರು. ರಕ್ಷಿತಾ ಬೇಡ ಎಂದಳು. 'ಕಚ್ಚಕ್ಕಾಗುತ್ತೆ, ನಗಕ್ಕಾಗುತ್ತೆ, ಇಷ್ಟು ಸಾಕು ಮೇಡಂ' ಎಂದು ಬಾಯಿಗೆ ಕೈ ಅಡ್ಡವಿಡದೆ ಹೇಳಿದಳು. ಮಂಗಳಮ್ಮನಿಗೆ ಸಮಾಧಾನವಾಗಲಿಲ್ಲ. ಮಗಳನ್ನು ಕರೆದುಕೊಂಡು ಹಿಂದಿನ ಕೋಣೆಗೆ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು. ಕಣ್ಣಲ್ಲಿ ನೀರಿತ್ತು.

'ಆ ಒಂದ್ ವರ್ಸ ಆಯಮ್ಮ ಹಾಳ್ ಮಾಡ್ದೆ ಇದ್ದಿದ್ರೆ ನನ್ ಮಗಳಿಗೆ ಆಪರೇಷನ್ ಮಾತೇ ಬರ್ತಿರ್ಲಿಲ್ಲ ಸ್ವಾಮಣ್ಣ. ನೀವ್ ಇದ್ದಿದ್ಕೆ ಇಷ್ಟಾದ್ರೂ ಆಯ್ತು.'

ಇನ್ನು ನನ್ನಿಂದ ತಡೆಯಲಾಗಲಿಲ್ಲ. 'ಹಾಳು ಮಾಡಿದ್ದು ಅವರಲ್ಲಮ್ಮ, ನಾನು' ಎಂದೆ. ಮೇಣದ ಪಟ್ಟಿ ಬುಟ್ಟಿಗೆ ಹಾಕಿದ್ದು, ಅಚ್ಚು ಸರಿಸಿದ್ದು, ಡಾಕ್ಟ್ರಮ್ಮ ಅದನ್ನು ನಂಬಿ ಬರೆದದ್ದು, ಆಮೇಲೆ ನನ್ನ ಹೆಸರು ಹೇಳದೆ ತಾವೇ ಹೊತ್ತುಕೊಂಡದ್ದು, ಎಲ್ಲ ಹೇಳಿದೆ. ರಕ್ಷಿತಾ ತಲೆ ತಗ್ಗಿಸಿ ಕೂತಿದ್ದಳು. ಮಂಗಳಮ್ಮ ನನ್ನನ್ನೇ ನೋಡುತ್ತಿದ್ದರು.

ಆಮೇಲೆ ಎದ್ದು ನೇರವಾಗಿ ಡಾಕ್ಟ್ರಮ್ಮನ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. 'ಎಂಟ್ ವರ್ಸ ನಿಮ್ಮನ್ನ ಒಂದಿನ ನೆಟ್ಟುಗ್ ಮಾತಾಡಿಸ್ಲಿಲ್ಲ ನಾನು. ತಪ್ಪಾಯ್ತು ಕಣ್ರಮ್ಮ' ಎನ್ನುವುದು ಕೇಳಿಸಿತು. ಕುರ್ಚಿ ಎಳೆದ ಸದ್ದಾಯಿತು. 'ನನ್ನ ಕ್ಲಿನಿಕ್ಕಿಂದ ಆದ ತಪ್ಪು ನಂದೇ ಅಲ್ವೇನಮ್ಮ. ಕೂತ್ಕೊಳ್ಳಿ, ಕೂತ್ಕೊಳ್ಳಿ' ಎಂದು ಡಾಕ್ಟ್ರಮ್ಮ ಹೇಳುತ್ತಿದ್ದರು. ಆಮೇಲೆ ಇಬ್ಬರೂ ಏನೋ ಮೆಲ್ಲಗೆ ಮಾತಾಡಿಕೊಂಡರು. ಮಂಗಳಮ್ಮ ಆ ಕೋಣೆಯಲ್ಲಿ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹೊರಗೆ ಬಂದವರು ನನ್ನ ಬಾಗಿಲಲ್ಲಿ ನಿಂತರು. ಎಲ್ಲ ಬೈಗುಳಕ್ಕೂ ನಾನು ತಯಾರಾಗಿದ್ದೆ. ನಿಜ ಹೇಳಬೇಕೆಂದರೆ ಅದನ್ನೇ ಕಾಯುತ್ತಿದ್ದೆ.

'ಆವತ್ತೇ ಹೇಳಿದ್ರೆ ಬಾಯ್ ತುಂಬಾ ಬೈದು ಸುಮ್ನಾಗ್ಬುಡ್ತಿದ್ದೆ ಸ್ವಾಮಣ್ಣ' ಎಂದರು. 'ಈಗ ಬೈಯೋಕೂ ಬಾಯ್ ಬರ್ತಿಲ್ಲ.'

ಮಗಳನ್ನು ಕರೆದುಕೊಂಡು ಮೆಟ್ಟಿಲಿಳಿದು ಹೋದರು. ಆಮೇಲೂ ಅವರು ಬರುತ್ತಿದ್ದರು. ಡಾಕ್ಟ್ರಮ್ಮನ ಕೋಣೆಯಲ್ಲಿ ಕೂತು ಕಾಫಿ ಕುಡಿದು, ಮನೆಯ ವಿಷಯವೆಲ್ಲ ಮಾತಾಡಿ ಹೋಗುತ್ತಿದ್ದರು. ನನ್ನನ್ನು ಕಂಡರೆ 'ಚೆನ್ನಾಗಿದೀರಾ?' ಎಂದು ಕೇಳುತ್ತಿದ್ದರು. ಅಣ್ಣ ಎನ್ನುತ್ತಿರಲಿಲ್ಲ.